ಎಡಗಿವಿಯ ಎರಡು ಕಚ್ಚು

“ಎರಡುನೂರು ಕುರಿ ಮಾರಿ ಬರೋಬರ್ ಗುರ್ತ ಹಿಡೀತಾನ ನಮ್ಮ ಅಳಿಯ. ಒಬ್ಬ ತಮ್ಮನ ಮಾರಿ ಮಾತ್ರ ಗುರ್ತ ಹತ್ತಲಿಲ್ಲ ನೋಡ್ರಿ ಇಂವಗ.”

ಧನರಾಜ ಇದನ್ನು ಯಾರ ಕಡೆಗೂ ನೋಡದೆ, ಮೊಣಕಾಲ ನಡುವೆ ಒತ್ತಿ ಹಿಡಿದ ಕುರಿಯ ಹೊಟ್ಟೆಯ ಉಣ್ಣೆಯನ್ನು ಕತ್ತರಿಸುತ್ತಲೇ ಹೇಳಿದ. ಸಿರ್ಗಾಪುರದ ಹೊರಗೆ ಬೇವಿನ ಮರದ ಕೆಳಗೆ ತಾಡಪತ್ರಿ ಹಾಸಿ ಎಂಟು ಜನ ಸಾಲಾಗಿ ಕೂತಿದ್ದರು. ಎಂಟೂ ಕತ್ತರಿ ಒಂದು ಕ್ಷಣ ನಿಂತವು. ಯಾರಾದರೂ ನಕ್ಕಿದ್ದರೆ ಸಿದ್ದರಾಮ ಎದ್ದು ಹೋಗಿ ನಕ್ಕವನ ಎದೆಗೆ ಒದ್ದುಬಿಡುತ್ತಿದ್ದ, ಆಮೇಲೆ ಆದದ್ದಾಗಲಿ ಎಂದು ಬಿಡುತ್ತಿದ್ದ. ಯಾರೂ ನಗಲಿಲ್ಲ. ಒಬ್ಬ ಕೆಮ್ಮಿದ, ಇನ್ನೊಬ್ಬ ಕತ್ತರಿಯ ಬಾಯಿಗೆ ಎಣ್ಣೆ ಬಿಟ್ಟುಕೊಂಡ, ಮತ್ತೆ ಕಚಕ್ ಕಚಕ್ ಶುರುವಾಯಿತು. ಇವತ್ತು ಉಣ್ಣೆ ಕತ್ತರಿಸುತ್ತಿರುವುದು ಸಿದ್ದರಾಮನ ಕುರಿಗಳದು. ಬಂದವರೆಲ್ಲ ಮುಯ್ಯಾಳುಗಳು, ನಾಳೆ ಅವರ ಹಿಂಡಿಗೆ ಇವನು ಹೋಗಿ ಕತ್ತರಿ ಹಿಡಿಯಬೇಕು. ಕೆಲಸಕ್ಕೆ ಬಂದವರನ್ನು ಅರ್ಧ ಕತ್ತರಿಸಿದ ಕುರಿಯ ಮುಂದಿನಿಂದ ಎಬ್ಬಿಸಿ ಕಳಿಸುವಂತಿಲ್ಲ. ಬೈದವನಿಗೆ ಮಧ್ಯಾಹ್ನ ತಾನೇ ಎಲೆ ಹಾಕಿ ಬಡಿಸಬೇಕು. ಇದೆಲ್ಲ ಗೊತ್ತಿದ್ದೇ ಧನರಾಜ ಮಾಮಾ ಇವತ್ತಿನ ದಿನ ನೋಡಿ ಮಾತು ಎತ್ತಿದ್ದಾನೆ ಎಂದು ಸಿದ್ದರಾಮನಿಗೆ ಅನ್ನಿಸಿತು. ಅನ್ನಿಸಿದ ಕೂಡಲೇ ಕತ್ತರಿ ಜಾರಿ, ಅದರ ತುದಿ ಕುರಿಯ ತೊಡೆಯ ಚರ್ಮಕ್ಕೆ ತಾಗಿತು. ಗೋದಿ ಕಾಳಿನಷ್ಟು ರಕ್ತ ಬಂತು. ಹತ್ತು ವರ್ಷದ ಹುಡುಗರು ಕೂಡ ಮಾಡದ ತಪ್ಪು ಅದು. ಅವನು ರಕ್ತದ ಮೇಲೆ ಹೆಬ್ಬೆರಳು ಒತ್ತಿ, ಯಾರೂ ನೋಡಲಿಲ್ಲ ಎಂದುಕೊಂಡ. ಎಲ್ಲರೂ ನೋಡಿದ್ದರು.

ಮಾತು ಅಲ್ಲಿಗೇ ನಿಲ್ಲಲಿಲ್ಲ. ಧನರಾಜ ಸಿದ್ದರಾಮನ ಅವ್ವನ ಒಡಹುಟ್ಟಿದವನು. ಮೇಲಾಗಿ ತನ್ನ ಮಗಳು ಲಾವಣ್ಯಳನ್ನು ಸಿದ್ದರಾಮನ ತಮ್ಮ ಸಾಯಿಕುಮಾರನಿಗೆ ಕೊಟ್ಟವನು. ಎರಡು ಕಡೆಯಿಂದಲೂ ಮಾತಾಡುವ ಹಕ್ಕು ಅವನಿಗಿತ್ತು. ಆ ಹಕ್ಕೇ ಸಿದ್ದರಾಮನ ಬಾಯಿ ಕಟ್ಟಿತ್ತು.

“ನಾಳಿ ಮುಂಜಾನಿ ಒಂಬತ್ತಕ್ಕ ನಾರಾಯಣಖೇಡ ದವಾಖಾನ್ಯಾಗ ಮಂಡಲ ಆಫೀಸಿನ ನರೇಶ ಕಾಯ್ತಾನ. ನೀ ಬರ್ತಿ, ರಕ್ತ ಕೊಡ್ತಿ. ಬರಲಿಲ್ಲಂದ್ರ ನಾ ಅಕ್ಕನ್ನೇ ಕರ್ಕೊಂಡ ಹೋಗ್ತೀನಿ. ಕುಂಕುಮ ಹಚ್ಕೊಳ್ಳಲೋ ಅಳಸಲೋ ಅಂತ ನನ್ನ ಮಗಳು ಎಷ್ಟ ದಿನ ಕುಂದರಬೇಕೋ ಸಿದ್ದ್ಯಾ?”

ಅವ್ವನನ್ನು ಕರೆದುಕೊಂಡು ಹೋಗುತ್ತಾನೆ. ಹೋದರೆ ಯಾಕೆ ಏನು ಎಂದು ಅವ್ವ ಕೇಳುತ್ತಾಳೆ. ರಷ್ಯಾದಲ್ಲಿ ಸಿಕ್ಕ ಹೆಣಕ್ಕೂ ನಿನ್ನ ರಕ್ತಕ್ಕೂ ತಾಳೆ ನೋಡುತ್ತಾರೆ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಶಿವರಾತ್ರಿಯಿಂದ ಕಾರಹುಣ್ಣಿಮೆಯವರೆಗೆ ಅವನು ಎದೆಯಲ್ಲಿ ಹೊತ್ತು ತಿರುಗಿದ್ದು ಆ ದವಾಖಾನೆಯ ಬೆಂಚಿನ ಮೇಲೆ, ಕಂಪೌಂಡರನ ಬಾಯಿಂದ, ಅವ್ವನ ಕಿವಿಗೆ ಬೀಳುತ್ತದೆ.

ಕುರಿಯ ಮುಖ ಹೇಗೆ ಗುರುತು ಹತ್ತುತ್ತದೆ ಎಂದು ಊರ ಮೇಷ್ಟ್ರು ಒಮ್ಮೆ ಕೇಳಿದ್ದರು. ಎಂಟನೇ ತರಗತಿಯಲ್ಲಿ, ಎಲ್ಲರ ಮುಂದೆ. ಮೈಯಿಂದ ಕುರಿ ವಾಸನೆ ಬರುತ್ತದೆಂದು ಅವನನ್ನು ಬಾಗಿಲ ಹತ್ತಿರ ಕೂರಿಸಿದ್ದವರೇ, ಹೊತ್ತು ಹೋಗದೆ ಕೇಳಿದ್ದು: ಎಲ್ಲಾ ಕರಿಯವೇ, ಎಲ್ಲಾ ಒಂದೇ ಥರ, ಹೇಗೆ ಹೇಳ್ತಿ? ಅವನಿಗೆ ಹೇಳಲು ಬಂದಿರಲಿಲ್ಲ. ಕಣ್ಣಲ್ಲ, ಮೂಗಲ್ಲ, ಕೋಡಲ್ಲ. ಅದು ನಿಲ್ಲುವ ರೀತಿ, ನೀರಿನ ಮುಂದೆ ತಲೆ ತಗ್ಗಿಸುವ ಮೊದಲು ಮಾಡುವ ಅನುಮಾನ, ತನ್ನ ಮರಿ ಯಾವುದೆಂದು ತಿರುಗಿ ನೋಡುವ ರೀತಿ. ನೂರರ ಹಿಂಡಿನಲ್ಲಿ ಒಂದು ಇಲ್ಲದಿದ್ದರೆ ಎಣಿಸದೆಯೇ ಗೊತ್ತಾಗುತ್ತದೆ, ಬಾಯಲ್ಲಿ ಹಲ್ಲು ಬಿದ್ದ ಜಾಗ ನಾಲಗೆಗೆ ಗೊತ್ತಾಗುವ ಹಾಗೆ. ಇದನ್ನು ಅಂದು ಹೇಳಿದ್ದರೆ ಮೇಷ್ಟ್ರು ಏನನ್ನುತ್ತಿದ್ದರೋ. ತರಗತಿ ನಕ್ಕಿತು, ಮರುದಿನದಿಂದ ಅವನು ಹೋಗಲಿಲ್ಲ. ಆಗ ಅಪ್ಪ ಶಿವರಾಯ ಬದುಕಿದ್ದ, ಕೈಗೆ ಕೋಲು ಕೊಟ್ಟ. ಒಬ್ಬನಾದರೂ ಓದಲಿ ಎಂದು ಸಾಯಿಕುಮಾರನನ್ನು ಓದಿಸಿದರು. ಜಹೀರಾಬಾದಿನಲ್ಲಿ ಐಟಿಐ. ಇಸ್ತ್ರಿ ಮಾಡಿದ ಅಂಗಿ. ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಮನೆಗೆ ಬರುವಾಗ, ಹಿಂಡು ಅಡ್ಡ ಬಂದರೆ ತಮ್ಮ ಪಕ್ಕಕ್ಕೆ ಸರಿಯುತ್ತಿರಲಿಲ್ಲ, ಇಸ್ತ್ರಿ ಅಂಗಿಯಲ್ಲೇ ನಡುವೆ ನುಗ್ಗಿ ಬಂದು, ಯಾವುದಾದರೂ ಮರಿಯನ್ನು ಎತ್ತಿ ಹೆಗಲ ಮೇಲೆ ಹಾಕಿಕೊಂಡುಬಿಡುತ್ತಿದ್ದ. ಅಂಗಿ ಹಾಳಾಯಿತೆಂದು ಅವ್ವ ಬೈಯುತ್ತಿದ್ದಳು. ಆ ಬೈಗುಳ ಸಿದ್ದರಾಮನಿಗೆ ಈಗ, ಕುರಿಯ ಕಾಲಿನ ಹಗ್ಗ ಬಿಚ್ಚುತ್ತಿರುವಾಗ, ಬೇವಿನ ಮರದ ಮೇಲಿಂದ ಯಾರೋ ಕೂಗಿದಷ್ಟು ಸ್ಪಷ್ಟವಾಗಿ ಕೇಳಿಸಿತು.

ಹಗ್ಗ ಬಿಚ್ಚಿದ ಕುರಿ ಎದ್ದು ನಿಂತು, ಬೋಳು ಮೈಯನ್ನು ಒಮ್ಮೆ ಜಾಡಿಸಿ, ತನಗೇ ತಾನು ಹೊಸತೆಂಬಂತೆ ನಾಲ್ಕು ಹೆಜ್ಜೆ ಓಡಿ ನಿಂತಿತು. ಉಣ್ಣೆ ಕಳೆದ ತಾಯಿಯನ್ನು ಮರಿ ನೋಡಿ, ಮೂಸಿ, ಅಲ್ಲವೆಂದು ಹಿಂದೆ ಸರಿದು ಅರಚಿತು. ಪ್ರತಿ ಸಲವೂ ಹೀಗೇ. ಅರ್ಧ ಗಂಟೆ ಹಿಂಡಿನ ತುಂಬ ಈ ಅರಚಾಟ ಇರುತ್ತದೆ, ಆಮೇಲೆ ವಾಸನೆ ಹತ್ತಿ ಒಂದೊಂದೇ ಮರಿ ಕೆಚ್ಚಲಿಗೆ ಹೋಗುತ್ತದೆ. ನೋಡುವವರಿಗೆ ತಮಾಷೆ. ಸಿದ್ದರಾಮ ಮುಖ ತಿರುಗಿಸಿ ಮುಂದಿನ ಕುರಿಯ ಹಿಂಗಾಲು ಹಿಡಿದೆಳೆದ.

ಶಿವರಾತ್ರಿಯ ಮರುದಿನ ಮೊಬೈಲನ್ನು ನರೇಶ ಅಂಗೈಯಲ್ಲಿಟ್ಟು ಕೊಟ್ಟಿದ್ದ, ಪ್ರಸಾದ ಕೊಡುವ ಹಾಗೆ ಎರಡೂ ಕೈಯಿಂದ. ಮಂಡಲ ಆಫೀಸಿನ ಹುಡುಗ, ಇವನಿಗಿಂತ ಎರಡು ವರ್ಷ ಸಣ್ಣವನು, ಅಳುವುದೊಂದೇ ಬಾಕಿ ಎಂಬಂತಿತ್ತು ಅವನ ಮುಖ. ಹೈದರಾಬಾದಿನಿಂದ ಬಂದಾವ ಅಣ್ಣಾ, ಐದು ಫೋಟೋ ಅದಾವ, ಹತ್ರದಾಗ ಸಾಯಿಕುಮಾರನ ಹೆಸರಿನ ಕಾಗದ ಸಿಕ್ಕದಂತ, ಆದ್ರ ಒಬ್ಬರ ಕಾಗದ ಇನ್ನೊಬ್ಬರ ಕಿಸೆದಾಗನೂ ಇರ್ತದ ಅಂತಾರ, ಮನಿಯವರು ನೋಡಿ ಹೌದು ಅಲ್ಲ ಹೇಳಬೇಕಂತ, ಎಂದೆಲ್ಲ ಒಂದೇ ಉಸಿರಿಗೆ ಹೇಳಿದ್ದ. ಅವ್ವ ಗುಂಡಮ್ಮ ಹೊಸ್ತಿಲಲ್ಲಿ ನಿಂತಿದ್ದಳು, ಕೈಗೆ ರೊಟ್ಟಿಯ ಹಿಟ್ಟು ಮೆತ್ತಿತ್ತು. ಅವಳ ಹೆಗಲ ಹಿಂದೆ ಲಾವಣ್ಯ. ಜಗಲಿಯ ಮೇಲೆ, ಅಂಗಳದಲ್ಲಿ, ಓಣಿಯ ಅರ್ಧ ಜನ. ಮೊದಲ ಫೋಟೋದಲ್ಲಿ ಹಿಮ ಮಾತ್ರ ಇತ್ತು, ಹಿಮದಲ್ಲಿ ಒಂದು ಬೂಟು. ಎರಡನೆಯದರಲ್ಲಿ ಮುಖ. ಅದು ಮುಖವಾಗಿರಲಿಲ್ಲ. ಸುಟ್ಟು, ಅದರ ಮೇಲೆ ಹಿಮಗಟ್ಟಿ, ಒಲೆಯಿಂದ ತೆಗೆದು ನೀರಿಗೆ ಹಾಕಿದ ಕೊಳ್ಳಿಯ ಹಾಗಿತ್ತು. ಇದು ಯಾರಾದರೂ ಆಗಿರಬಹುದಿತ್ತು. ಆ ಕ್ಷಣ ಅವನಿಗೆ ಆದದ್ದು ಸಂತೋಷ; ನಾಚಿಕೆಯಾಗುವಷ್ಟು ಸಂತೋಷ. ಯಾರೋ, ಯಾವ ತಾಯಿಯ ಮಗನೋ, ನಮ್ಮವನಲ್ಲ. ಬೆರಳು ಮುಂದೆ ಸರಿಸಿದ. ಮೂರನೆಯದನ್ನು ಪಕ್ಕದಿಂದ ತೆಗೆದಿದ್ದರು. ಜಾಕೀಟು ಬಿಚ್ಚಿ ಬಿದ್ದಿತ್ತು, ಎದೆಯ ಮೇಲೆ ಅಂಗಿ ಮಾತ್ರ, ಒಂದು ಕೈಗೆ ಕೈಗವಸಿಲ್ಲ, ಕೊರಳ ಕುಳಿಯಲ್ಲಿ ಹಿಮ ತುಂಬಿತ್ತು. ಮತ್ತು ಕಿವಿ. ಸುಡದೆ ಉಳಿದ ಎಡಗಿವಿ. ಅದರ ಕೆಳಗಿನ ಅಂಚಿನಲ್ಲಿ ಎರಡು ಕಚ್ಚು.

ಸಿದ್ದರಾಮನಿಗೆ ಆಗ ಒಂಬತ್ತು ವರ್ಷ, ಸಾಯಿಕುಮಾರನಿಗೆ ಐದು. ಅಪ್ಪ ಆ ವರ್ಷದ ಮರಿಗಳಿಗೆ ಗುರುತು ಹಾಕುತ್ತಿದ್ದ. ಪ್ರತಿ ಮನೆಯ ಹಿಂಡಿಗೂ ಒಂದೊಂದು ಗುರುತು. ಧನರಾಜ ಮಾಮಾನದು ಬಲಗಿವಿಯ ತುದಿ ಕತ್ತರಿಸಿದ್ದು, ಇವರದು ಎಡಗಿವಿಯ ಅಂಚಿಗೆ ಕತ್ತರಿಯ ಎರಡು ಕಚ್ಚು. ಮೇಯುವಾಗ ಹಿಂಡುಗಳು ಬೆರೆತರೆ, ಸಂತೆಯಲ್ಲಿ ಜಗಳವಾದರೆ, ಕಳ್ಳರು ಒಯ್ದ ಕುರಿ ತಾಂಡೂರಿನ ಆಚೆ ಸಿಕ್ಕರೆ, ಕಿವಿಯೇ ಸಾಕ್ಷಿ. ಅಪ್ಪ ಊಟಕ್ಕೆ ಎದ್ದಾಗ ಕತ್ತರಿ ಅಲ್ಲೇ ಬಿದ್ದಿತ್ತು. ನೀ ಮರಿ ಆಗು ಎಂದು ಸಿದ್ದರಾಮ ತಮ್ಮನಿಗೆ ಅಂದ, ಅವನು ಮೊಣಕಾಲೂರಿ ಮರಿಯಾದ, ಬ್ಯಾ ಎಂದು ಕೂಗಿದ ಕೂಡ. ಮೊದಲ ಕಚ್ಚಿಗೆ ಅತ್ತಿರಲಿಲ್ಲ, ಅದೇ ಆಶ್ಚರ್ಯ; ಅಣ್ಣ ಮಾಡುತ್ತಿದ್ದಾನೆ ಎಂದರೆ ಹೀಗೇ ಇರಬೇಕು ಎಂಬಂತೆ ಕಣ್ಣು ಮುಚ್ಚಿ ಕೂತಿದ್ದ. ಎರಡನೆಯದಕ್ಕೆ ಕಿರುಚಿದ. ಅವ್ವ ಓಡಿ ಬಂದು ಸಿದ್ದರಾಮನಿಗೆ ಹೊಡೆದಳು, ಕೈಗೆ ಸಿಕ್ಕ ಸೌದೆಯಿಂದ ಹೊಡೆದಳು. ಅಪ್ಪ ಮಾತ್ರ ಅರಿಶಿನ ಒತ್ತುತ್ತಾ ನಕ್ಕುಬಿಟ್ಟಿದ್ದ. ಆಗಲಿ ಬಿಡೇ, ಇನ್ನ ಇಂವ ಎಲ್ಲೇ ತಪ್ಪಿಸಿಕೊಂಡ್ರೂ ನೋಡಿದವರು ತಂದು ನಮ್ಮ ಹಿಂಡಿಗೇ ಬಿಡ್ತಾರ ಎಂದಿದ್ದ. ದೊಡ್ಡವನಾದ ಮೇಲೆ ಸಾಯಿಕುಮಾರ ಕೂದಲನ್ನು ಉದ್ದ ಬಿಟ್ಟು ಆ ಕಿವಿ ಮುಚ್ಚಿಕೊಳ್ಳುತ್ತಿದ್ದ. ರಷ್ಯಾದಲ್ಲಿ ಅವನ ತಲೆ ಬೋಳಿಸಿದ್ದರು.

“ಇಂವ ಅಲ್ಲ,” ಎಂದಿದ್ದ ಸಿದ್ದರಾಮ.

ನರೇಶ ಇನ್ನೊಮ್ಮೆ ನೋಡಣ್ಣ ಅಂದಾಗ, ಅಲ್ಲ ಅಂದ್ನಲ್ಲೋ ಎಂದು ಗದರಿ ಮೊಬೈಲನ್ನು ತಿರುಗಿ ಅವನ ಕೈಗೆ ತುರುಕಿದ್ದ. ಅಂಗಳದ ಜನ ಉಸಿರು ಬಿಟ್ಟದ್ದು ಕೇಳಿಸಿತ್ತು. ಯಾರೋ ಶಿವಾ ಎಂದರು. ಲಾವಣ್ಯ ಒಳಗೆ ಓಡಿದಳು. ಅವ್ವ ಹಿಟ್ಟಿನ ಕೈಯನ್ನೇ ಕಣ್ಣಿಗೆ ಒತ್ತಿಕೊಂಡಳು. ಅಷ್ಟು ಜನರ ಮುಖದ ಮೇಲೆ ತಾನು ಬರಿಸಿದ ಆ ಬೆಳಕನ್ನು ನೋಡಿ ಸಿದ್ದರಾಮನಿಗೆ, ಈ ಮಾತನ್ನು ಇನ್ನು ಯಾವತ್ತೂ ಹಿಂದಕ್ಕೆ ತಗೊಳ್ಳಲಾಗುವುದಿಲ್ಲ ಎಂದು ಆ ಕ್ಷಣದಲ್ಲೇ ಗೊತ್ತಾಗಿಹೋಗಿತ್ತು. ಯಾಕೆ ಹಾಗೆ ಹೇಳಿದೆ ಎಂದು ಆಮೇಲೆ ನೂರು ಸಲ ತನ್ನನ್ನೇ ಕೇಳಿಕೊಂಡಿದ್ದಾನೆ. ಅವ್ವನಿಗಾಗಿ ಎಂದು ಮೊದಮೊದಲು ನಂಬಿದ್ದ. ಈಗ ಅದೂ ಸುಳ್ಳೆಂದು ಗೊತ್ತು. ಹೌದು ಎಂದರೆ ಹೇಗೆ ಗುರುತು ಹತ್ತಿತು ಎಂದು ಕೇಳುತ್ತಿದ್ದರು. ಕಿವಿಯಿಂದ, ನಾನು ಕತ್ತರಿಸಿದ ಕಿವಿಯಿಂದ ಎಂದು ಅಷ್ಟು ಜನರ ಮುಂದೆ ಹೇಳಬೇಕಿತ್ತು. ಅಷ್ಟೇ ಆಗಿದ್ದರೆ ಹೇಳಿಬಿಡುತ್ತಿದ್ದನೇನೋ. ಅದರ ಹಿಂದೆ ಇನ್ನೊಂದಿತ್ತು.

ಅದರ ಹಿಂದೆ ನಾರಾಯಣಖೇಡದ ಕುರಿಸಂತೆಯ ಒಂದು ಬೆಳಿಗ್ಗೆ ಇತ್ತು. ಸಾಯಿಕುಮಾರ ತಾಂಡೂರಿನ ಕಲ್ಲಿನ ಪಾಲಿಶ್ ಕೆಲಸ ಬಿಟ್ಟು ಬಂದು ಆರು ತಿಂಗಳಾಗಿತ್ತು. ಕಲ್ಲುಧೂಳು ಎದೆಗೆ ಕೂತು ಕೆಮ್ಮು ಹತ್ತಿತ್ತು. ಮನೆಯಲ್ಲೇ ಇರುತ್ತಿದ್ದ, ಮೊಬೈಲ್ ನೋಡುತ್ತಿದ್ದ, ದುಬೈ ದುಬೈ ಎನ್ನುತ್ತಿದ್ದ. ಮದುವೆಯಾಗಿ ಎರಡನೇ ವರ್ಷ, ಲಾವಣ್ಯಳಿಗೆ ಇನ್ನೂ ಮಕ್ಕಳಿರಲಿಲ್ಲ. ಆ ದಿನ ಸಿದ್ದರಾಮನ ತಲೆ ಯಾತಕ್ಕೋ ಬಿಸಿಯಾಗಿತ್ತು. ಯಾತಕ್ಕೆಂದು ಈಗ ನೆನಪಿಲ್ಲ, ಅದೇ ಅವನನ್ನು ತಿನ್ನುತ್ತದೆ, ಅಷ್ಟು ಸಣ್ಣ ಕಾರಣವಿರಬೇಕು. ತಮ್ಮ ಏನು ಮಾಡ್ತಾನ ಎಂದು ಬೀದರದ ಕಡೆಯ ಒಬ್ಬ ಗಿರಾಕಿ ಸುಮ್ಮನೆ ಕೇಳಿದ್ದ. “ಹಿಂಡಿನ್ಯಾಗ ಒಂದು ಗೊಡ್ಡ ಕುರಿ ಇರ್ತದ ನೋಡ್ರಿ, ಮೇಯ್ತದ, ಈಯಂಗಿಲ್ಲ, ಕಡಿಲಿಕ್ಕೂ ಮನಸ್ಸು ಬರಂಗಿಲ್ಲ. ಅದು ಇಂವ,” ಎಂದಿದ್ದ ಸಿದ್ದರಾಮ. ಹತ್ತು ಹದಿನೈದು ಜನ ನಕ್ಕರು. ಗೊಡ್ಡು ಎಂಬ ಮಾತು ಬಾಯಿಂದ ಹೊರಟ ಮೇಲೆ ಅದು ಎಲ್ಲಿಗೆಲ್ಲ ತಾಗುತ್ತದೆಂದು ಅವನಿಗೆ ಹೊಳೆಯಿತು, ಆದರೆ ಸಾಯಿಕುಮಾರನೂ ನಗುತ್ತಿದ್ದ. ಎಲ್ಲರಿಗಿಂತ ಜೋರಾಗಿ, ಕೆಮ್ಮು ಬರುವ ತನಕ ನಕ್ಕ. ಆ ಗಿರಾಕಿಯ ಕೈಯಿಂದ ಬೀಡಿ ಇಸಕೊಂಡು ಹಚ್ಚಿದ. ಎರಡು ವಾರದಲ್ಲಿ ಜಹೀರಾಬಾದಿನ ಒಬ್ಬ ಏಜೆಂಟನನ್ನು ಹಿಡಿದು ದುಬೈಗೆ ಹೋದ. ಅಲ್ಲಿಂದ ರಷ್ಯಾಕ್ಕೆ, ಮಿಲಿಟರಿಯವರಿಗೆ ಅಡುಗೆ ಮಾಡುವ ಕೆಲಸ ಎಂದು.

ಒಂದು ಸಂಜೆ ಫೋನು ಬಂದಿತ್ತು. ಹಿಂಡು ಹಳ್ಳ ದಾಟಿಸುತ್ತಿದ್ದ ಹೊತ್ತು, ಒಂದು ಕೈಯಲ್ಲಿ ಮರಿ, ಒಂದು ಕೈಯಲ್ಲಿ ಕೋಲು, ಹೆಗಲು ಕಿವಿಯ ನಡುವೆ ಮೊಬೈಲು. ಅಣ್ಣಾ, ಬಂದೂಕ ಕೊಟ್ಟಾರ, ಹದಿನೈದು ದಿನ ಕಲಿಸಿ ಮುಂದ ಕಳಸ್ತಾರಂತ, ಅವ್ವಗ ಹೇಳಬ್ಯಾಡ, ಅಂದಿದ್ದ. ದನಿಯಲ್ಲಿ ಅಳುವಿರಲಿಲ್ಲ. ಯಾರಾದರೂ ಲೀಡರ್ ಗೊತ್ತಿದ್ರ ಕೇಳಿ ನೋಡಣ್ಣ ಎಂದು ಮಾತ್ರ, ಅದೂ ಹೇಗೆ, ಮೊದಲೆಲ್ಲ ಬಸ್‌ಪಾಸ್ ಮಾಡಿಸಿಕೊಡು ಎಂದು ಕೇಳುತ್ತಿದ್ದ ಹಾಗೆ. ಮರಿ ಕೈಯಿಂದ ಜಾರಿತು. ಸಿದ್ದರಾಮ ನೀರಿನಲ್ಲಿ ಮುಗ್ಗರಿಸಿದ. “ಹೋಗುವಾಗ ನನ್ನ ಕೇಳಿ ಹೋದ್ಯೇನೋ?” ಎಂದು ಕೂಗಿ ಫೋನು ಕಟ್ ಮಾಡಿದ. ಮರಿಯನ್ನು ಹಿಡಿದು ದಡಕ್ಕೆ ಹಾಕಿ, ತಿರುಗಿ ಮಾಡೋಣ ಎಂದುಕೊಂಡ. ರಾತ್ರಿ ಮಾಡಿದ. ಮರುದಿನ ಮಾಡಿದ. ಆ ನಂಬರು ಆಮೇಲೆ ಹತ್ತಲೇ ಇಲ್ಲ.

ಅವನು ಲೀಡರುಗಳ ಮನೆಗೆ ಹೋಗಲಿಲ್ಲವೆಂದಲ್ಲ. ಹೋದ, ಬಾಗಿಲಲ್ಲಿ ನಿಂತ, ಚಪ್ಪಲಿ ಬಿಟ್ಟ, ಕುರಿಯ ವಾಸನೆಗೆ ಜನ ಮೂಗು ಮುಚ್ಚಿಕೊಳ್ಳುವುದನ್ನು ನೋಡಿದ, ಹೆಸರು ಬರೆಸಿದ. ಜಹೀರಾಬಾದಿನ ಒಂದು ಚಹಾದಂಗಡಿಯಲ್ಲಿ ಯಾರೋ ಪೇಪರು ಓದುತ್ತಾ, ಬ್ಯಾರೇ ದೇಶದ ಸಲುವಾಗಿ ಬಂದೂಕ ಹಿಡದವನಿಗೆ ಶಹೀದ್ ಅಂತ ಹೆಂಗನ್ನೋದ್ರಿ, ಆಸೆಗೆ ಹೋದವರು ಅನುಭವಿಸ್ಲಿ ಎಂದದ್ದನ್ನೂ ಕೇಳಿಸಿಕೊಂಡ. ಅಂದು ಕೈಯಲ್ಲಿದ್ದ ಗ್ಲಾಸನ್ನು ಗೋಡೆಗೆ ಎಸೆದಿದ್ದ. ಬಿಸಿ ಚಹಾ ಅವನ ಕಾಲಿನ ಮೇಲೇ ಚೆಲ್ಲಿತು. ಅಂಗಡಿಯವನು ಗ್ಲಾಸು ಗುಡಿಸು ಎಂದು ಪೊರಕೆ ಕೊಟ್ಟ, ಇವನು ಗುಡಿಸಿದ. ಮಿಲಿಟರಿಗೆ ಸೇರಿದ ಊರಿನ ಗಂಡಸರಿಗೆ ಹಬ್ಬದಂಥ ಸಾವು ಬರುವುದಿದೆ: ಧ್ವಜ ಹೊದಿಸಿ, ಟ್ರಕ್ಕಿನಲ್ಲಿ ತಂದು, ಶಾಲೆಯ ಮಕ್ಕಳನ್ನು ರಸ್ತೆಗೆ ನಿಲ್ಲಿಸಿ, ರಸ್ತೆ ಕೂಡುವಲ್ಲಿ ಫ್ಲೆಕ್ಸು ಕಟ್ಟಿ. ತಮ್ಮನದು ಐದು ಫೋಟೋ. ಗುರುತು ಹತ್ತದವರನ್ನು ಅಲ್ಲೇ ನಂಬರು ಹಾಕಿ ಮಣ್ಣು ಮಾಡ್ತಾರಂತ ಎಂದು ನರೇಶ ಒಂದು ದಿನ ಸಂಕಟದಿಂದಲೇ ಹೇಳಿದಾಗ, ಸಿದ್ದರಾಮ ಹೊಲದ ಬದುವಿನ ಮೇಲೆ ಕೂತುಬಿಟ್ಟಿದ್ದ. ತಾನು ಅಂದ ಆ ಎರಡು ಮಾತು ತಮ್ಮನ ಹೆಸರು ಕಿತ್ತು ಅವನಿಗೆ ನಂಬರು ಕೊಟ್ಟಿತು. ಈಗ ಹೋದ ತಿಂಗಳು ಹೊಸ ಕಾಗದ ಬಂತು. ಅವ್ವನದಾದರೂ ಆದೀತು, ಅಣ್ಣನದಾದರೂ ಆದೀತು, ರಕ್ತ ಕೊಟ್ಟರೆ ತಾಳೆ ನೋಡುತ್ತಾರೆ. ತಾಳೆಯಾದರೆ ತೆಗೆದು ಕಳಿಸುತ್ತಾರೆ. ಸಿದ್ದರಾಮ ಕುರಿಗೆ ಜ್ವರ ಎಂದ, ಬಸ್ಸು ತಪ್ಪಿತು ಎಂದ, ನಮ್ಮವನಲ್ಲ ಅಂದ ಮ್ಯಾಲ ರಕ್ತ ಯಾಕ ಎಂದ. ಕಾಗದವನ್ನು ಅವ್ವನ ಕಣ್ಣಿಗೆ ಬೀಳದಂತೆ ಕಂಬಳಿಗಳ ಕೆಳಗಿಟ್ಟ.

ಮಧ್ಯಾಹ್ನ ಅವ್ವ, ಲಾವಣ್ಯ ಬುತ್ತಿ ಹೊತ್ತು ತಂದರು. ಉಣ್ಣೆ ಕತ್ತರಿಸುವ ದಿನ ಮುಯ್ಯಾಳುಗಳಿಗೆ ಖಂಡದ ಸಾರು, ಜೋಳದ ರೊಟ್ಟಿ ಮಾಡುವುದು ಪದ್ಧತಿ. ಸಿದ್ದರಾಮ ಧನರಾಜನ ಮುಂದೆ ಬಗ್ಗಿ ಎಲೆ ಹಾಕಿದ, ಸಾರು ಬಡಿಸಿದ. ಮಾಮಾ ಸಾಕು ಎಂದು ಕೈ ಅಡ್ಡ ಹಿಡಿದ. ರೊಟ್ಟಿಯ ಮೊದಲ ತುತ್ತನ್ನೇ ಅವನು ಎಲೆಯ ಅಂಚಿಗೆ ಸರಿಸಿದ್ದನ್ನು ಸಿದ್ದರಾಮ ನೋಡಿದ. ಅಂದದ್ದು ಅಂದವನಿಗೂ ನುಂಗಲಾಗುತ್ತಿಲ್ಲ. ಸಿಟ್ಟಿಗೆ ಹಿಡಿದುಕೊಳ್ಳಲು ಇದ್ದ ಒಂದು ಜಾಗವೂ ಜಾರಿತು.

ಮರದ ಆ ಕಡೆ ಬಿಂದಿಗೆಯಿಂದ ಕೈಗೆ ನೀರು ಹಾಕುತ್ತಾ ಲಾವಣ್ಯ ತಗ್ಗಿದ ದನಿಯಲ್ಲಿ ಮಾತಾಡಿದಳು. ಶಿವರಾತ್ರಿಯಿಂದ ಈಚೆಗೆ ಅವಳು ಅವನೊಂದಿಗೆ ಇಷ್ಟು ಮಾತಾಡಿದ್ದೇ ಇಲ್ಲ.

“ಭಾವಾ, ಅಪ್ಪ ಅಂದದ್ದು ಬಿಡ್ರಿ. ಅದು ನಾ ಹೇಳಿ ಕಳಿಸಿದ್ದಲ್ಲ. ದಿನಾ ಮುಂಜಾನಿ ಕನ್ನಡಿ ಮುಂದ ನಿಂತಾಗ ನಿಮ್ಮ ಮಾತು ನೆನಸ್ಕೊಂಡು ಕುಂಕುಮ ಹಚ್ಕೋತೀನಿ ನಾ. ಇಂವ ಅಲ್ಲ ಅಂದ್ರಲ್ಲ, ಆ ಮಾತು. ಖರೇ ಇದ್ರ ಇನ್ನೂ ಹತ್ತ ವರ್ಷ ಹಚ್ಕೋತೀನಿ. ಸುಳ್ಳಿದ್ರ ನನ್ನ ಮುಂದ ಹೇಳ್ರಿ. ಅತ್ತಿ ಮುಂದ ಹೇಳಂಗಿಲ್ಲ. ಅಳಂಗೂ ಇಲ್ಲ.”

ಬಿಂದಿಗೆಯ ನೀರು ಅವನ ಬೆರಳ ಸಂದಿನಿಂದ ಸುರಿದು ಮಣ್ಣಿಗೆ ಹೋಗುತ್ತಿತ್ತು. ಕೈ ಯಾವಾಗಲೋ ಶುದ್ಧವಾಗಿತ್ತು, ಅವಳು ಹಾಕುತ್ತಲೇ ಇದ್ದಳು. ಇಪ್ಪತ್ತೆರಡರ ಹುಡುಗಿ, ಇಂಟರ್ ಪಾಸಾದವಳು, ಗೊಡ್ಡು ಎಂಬ ಮಾತು ಯಾರ ಬಾಯಿಂದಲೋ ಅವಳ ಕಿವಿಗೂ ಮುಟ್ಟಿರಲೇಬೇಕು; ಒಂದು ದಿನವೂ ಅವಳ ಕಣ್ಣು ಅದನ್ನು ಹೇಳಲಿಲ್ಲ. ಹೇಳಿಬಿಡಬೇಕು ಎಂದು ಅವನ ನಾಲಗೆ ಎದ್ದಿತು.

“ನಾಳಿ ದವಾಖಾನಿಗೆ ಹೋಗ್ತೀನಿ,” ಎಂದ.

ಲಾವಣ್ಯ ಬಿಂದಿಗೆ ನೆಟ್ಟಗೆ ಮಾಡಿದಳು. “ಸೂಜಿ ಹೇಳ್ಲಿ ಅಂತೀರಿ, ಹಂಗಾದ್ರ,” ಎಂದಳು. ಸೆರಗಿನಿಂದ ಬಿಂದಿಗೆಯ ಬಾಯಿ ಒರೆಸಿ, ಮಜ್ಜಿಗೆ ಬಡಿಸಲು ಸಾಲಿನ ಕಡೆ ಹೋದಳು. ಅವಳ ಬೆನ್ನು ನೆಟ್ಟಗಿತ್ತು. ತನ್ನಪ್ಪನ ಎಲೆಯ ಮುಂದೆ ಬಗ್ಗಿದಾಗ ಮಾತ್ರ ಅವಳು ಸ್ವಲ್ಪ ಹೊತ್ತು ಹಾಗೇ ಉಳಿದಳು, ಏನೋ ಬಿದ್ದದ್ದನ್ನು ಹುಡುಕುವವಳ ಹಾಗೆ.

ಅವಳಿಗೆ ಗೊತ್ತಾಯಿತು. ಆ ಮಧ್ಯಾಹ್ನವೆಲ್ಲ ಕತ್ತರಿಯ ಸದ್ದಿನೊಳಗೆ ಅವನು ಅದನ್ನೇ ಕೇಳುತ್ತಿದ್ದ. ಒಬ್ಬಳಿಗೆ ಗೊತ್ತಾಯಿತು, ಆಕಾಶ ಬೀಳಲಿಲ್ಲ, ಮಜ್ಜಿಗೆ ಬಡಿಸಿದಳು. ನಾಳೆ ಸೂಜಿ ಚುಚ್ಚುತ್ತಾರೆ, ಸಣ್ಣ ಬಾಟಲಿಯಲ್ಲಿ ರಕ್ತ ಹೋಗುತ್ತದೆ, ಎರಡು ತಿಂಗಳೋ ಮೂರು ತಿಂಗಳೋ ಆದ ಮೇಲೆ ಕಾಗದ ಬರುತ್ತದೆ, ಅವ್ವನಿಗೆ ನರೇಶ ಓದಿ ಹೇಳುತ್ತಾನೆ. ನನಗೆ ಗುರುತು ಹತ್ತಲಿಲ್ಲ ಎಂದೇ ಎಲ್ಲರೂ ತಿಳಿಯುತ್ತಾರೆ. ಕುರುಡ ಎಂದು ಬೈಯುತ್ತಾರೆ, ಧನರಾಜ ಮಾಮಾ ಬೈದ ಹಾಗೆ, ಇನ್ನು ಜನ್ಮವಿಡೀ. ಬೈಯಲಿ. ಕುರುಡನಾಗಿ ಉಳಿಯುವುದು ಸುಳ್ಳನಾಗಿ ಉಳಿಯುವುದಕ್ಕಿಂತ ಹಗುರ. ಹಾಗೆ ಯೋಚಿಸಿದ ತನ್ನ ಬಗ್ಗೆಯೇ ಅವನಿಗೆ ಹೇಸಿಗೆಯಾಯಿತು. ಆದರೆ ಕತ್ತರಿ ಈಗ ಚರ್ಮವನ್ನು ಮುಟ್ಟದೆ ನಯವಾಗಿ ಓಡುತ್ತಿತ್ತು. ಬಿಸಿಲು ಇಳಿಯುವ ಹೊತ್ತಿಗೆ ಕೊನೆಯ ಕುರಿಯ ಹಗ್ಗ ಬಿಚ್ಚಿದರು. ಜನ ಎದ್ದು ಮೈ ಮುರಿದರು, ಧನರಾಜ ದೂರ ಹೋಗಿ ಬದುವಿನ ಮೇಲೆ ಕೂತು ಬೀಡಿ ಹಚ್ಚಿದ.

ಈ ಉಣ್ಣೆಯನ್ನು ಈಗ ಯಾರೂ ಕೇಳುವುದಿಲ್ಲ. ಕತ್ತರಿಸದಿದ್ದರೆ ಹೇನು, ಮುಳ್ಳು, ಅದಕ್ಕೆಂದು ಕತ್ತರಿಸುವುದು; ಕತ್ತರಿಸಿದ್ದನ್ನು ಬೇಲಿಗೆ ಎಸೆಯುವುದು. ಅವ್ವ ಮಾತ್ರ ಪ್ರತಿ ಸಲ ಕೂತು ಕಂಬಳಿಗೆಂದು ಮರಿಗಳ ಮೊದಲ ಉಣ್ಣೆಯನ್ನು ಆರಿಸುತ್ತಾಳೆ. ತಾಡಪತ್ರಿಯ ಮೇಲೆ ಕಾಲು ಚಾಚಿ, ಕರಿ ರಾಶಿಯಿಂದ ಒಂದೊಂದೇ ಹಿಡಿ ತೆಗೆದು, ಕಸ ಬಿಡಿಸಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ಸಿದ್ದರಾಮ ಕತ್ತರಿಗಳನ್ನು ಒರೆಸುತ್ತಾ ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತ.

“ಊಟಕ್ಕ ಕುಂತವರು ಮಾತಾಡೋದು ಕೇಳ್ದೆ. ನಾಳಿ ನಾನೂ ಬರ್ತೀನಿ ದವಾಖಾನಿಗೆ,” ಎಂದಳು ಅವ್ವ.

ಅವನು ಒರೆಸುವುದನ್ನು ನಿಲ್ಲಿಸಲಿಲ್ಲ. ನಾ ಹೋಗ್ತೀನಲ್ಲವ್ವ, ನೀ ಯಾಕ, ಬಸ್ಸಿನ್ಯಾಗ ನಿನಗ ತಲಿ ತಿರುಗ್ತದ ಎಂದ.

“ನನ್ನ ಹೊಟ್ಟ್ಯಾಗಿಂದ ಬಂದಾಂವ. ನನ್ನ ರಕ್ತನೇ ತಗೊಳ್ಲಿ.” ಒಂದು ಮುಳ್ಳನ್ನು ಉಣ್ಣೆಯಿಂದ ಬಿಡಿಸಿ ದೂರ ಎಸೆದಳು. “ಅವತ್ತ ನರೇಶ ಹ್ವಾದಮ್ಯಾಲ ನೀ ಕುರಿ ಎಣಿಸಿದಿ. ಎಲ್ಲಾ ಇದ್ವು. ಮತ್ತ ಎಣಿಸಿದಿ. ಮೂರ ಸಲ ಎಣಿಸಿದಿ, ಬೆರಳ ಮಾಡಿ ಮಾಡಿ, ಎಣಿಸಾಕ ಬರದಾಂವ್ನಂಗ. ನಾ ಬಾಗಲದಾಗ ನಿಂತು ನೋಡ್ಕೋತ ಇದ್ದೆ. ಹುಟ್ಟಿದಾಗಿಂದ ನೀ ಕುರಿ ಎಣಿಸಿದ್ದು ನಾ ಕಂಡಿಲ್ಲ ಸಿದ್ದು.”

ಕತ್ತರಿಯ ಮೇಲೆ ಬಟ್ಟೆ ನಿಂತಿತು. ಹಾಗಾದರೆ ನಾಲ್ಕು ತಿಂಗಳು. ಸಂಜೆ ಬಸ್ಸಿನ ಸದ್ದಿಗೆ ಅವಳು ತಲೆಯೆತ್ತಿದ್ದು, ಸಾಯಿ ಬಂದ್ರ ಅವನಿಗಿರ್ಲಿ ಎಂದು ಉಪ್ಪಿನಕಾಯಿಯ ಡಬ್ಬಿ ಮುಚ್ಚಿಟ್ಟದ್ದು, ಯಾರಾದರೂ ಖಬರ್ ಬಂತೇನು ಎಂದರೆ ಬರ್ತಾನ ಬರ್ತಾನ ಎಂದದ್ದು, ಇದೆಲ್ಲ ಇವನ ಮೇಲಿನ ಕರುಣೆಗೆ. ತಾನು ಅವಳನ್ನು ಕಾಯುತ್ತಿದ್ದೇನೆ ಎಂದುಕೊಂಡಿದ್ದ.

“ನೀನಾಗೇ ಹೇಳೋತನ ಕೇಳಬಾರ್ದು ಅಂತ ಸುಮ್ಮನಿದ್ದೆ,” ಎಂದಳು. “ನನಗ ಗೊತ್ತದ ಅಂದ್ರ ನೀ ಏನಾಗ್ತಿಯೋ ಅಂತ. ಇದ್ದವನೊಬ್ಬ.” ಆಮೇಲೆ ಬಹಳ ಹೊತ್ತು ಉಣ್ಣೆ ಬಿಡಿಸಿದಳು. ಮಡಿಲು ತುಂಬಿತ್ತು. ಅವಳ ದನಿ ಮನೆಯ ಯಾವುದೋ ಸಣ್ಣ ಕೆಲಸದ ಬಗ್ಗೆ ಕೇಳುವಷ್ಟೇ ಇತ್ತು.

“ಒಂದೇ ಹೇಳು ನನಗ. ಮೈಮ್ಯಾಲ ಏನರ ಹೊಚ್ಚಿದ್ರೇನು ಅವಗ?”

ಬಿಚ್ಚಿ ಬಿದ್ದ ಜಾಕೀಟು, ಹಿಮದಲ್ಲಿ ಅಂಗಿ ಮಾತ್ರದ ಎದೆ ಅವನ ಕಣ್ಣ ಮುಂದೆ ಬಂದವು. ಹೌದು ಎಂದರೆ ಸಾಕಿತ್ತು. ಅಲ್ಲ ಎಂದು ಹೇಳಲು ಅಷ್ಟು ಸಲೀಸಾಗಿ ಬಂದ ನಾಲಗೆಗೆ ಹೌದು ಎನ್ನುವುದು ಎಷ್ಟರ ಕೆಲಸ. ಅವನು ಅವಳ ಬೆರಳುಗಳನ್ನು ನೋಡಿದ, ಕೊರಳನ್ನು ನೋಡಿದ, ಮುಖದ ತನಕ ಕಣ್ಣು ಏರಲಿಲ್ಲ. ಕತ್ತರಿಗಳನ್ನು ಬಟ್ಟೆಯ ಮೇಲೆ ಒಂದರ ಪಕ್ಕ ಒಂದು ಇಟ್ಟ. ಎದ್ದ. ಅವ್ವ ತಲೆಯೆತ್ತಿ ಕಾಯುತ್ತಿದ್ದಾಳೆಂದು ಬೆನ್ನಿಗೆ ಗೊತ್ತಾಗುತ್ತಿತ್ತು. ಬದುವಿನ ಮೇಲಿಂದ ಧನರಾಜ, ನಾಳಿ ಬರ್ತೀಯಲ್ಲೋ ತಮ್ಮಾ ಎಂದು, ಬೆಳಗಿನ ದನಿಯಲ್ಲದ ದನಿಯಲ್ಲಿ ಕೇಳಿದ. ಅವನನ್ನೂ ದಾಟಿ, ಬೋಳುಮೈಯ ಕುರಿಗಳ ನಡುವೆ ದಾರಿ ಮಾಡಿಕೊಂಡು, ತಮ್ಮನ ಕೊನೆಯ ಫೋನು ಬಂದ ಹಳ್ಳದ ಕಡೆಗೆ ಸಿದ್ದರಾಮ ನಡೆದುಹೋದ.